ದಿ ಹೇಗ್‌ನಲ್ಲಿ ನನ್ನ ಕಲಾವಿಮರ್ಶೆ

ಗೊತ್ತಿಲ್ಲದ ವಿಷಯದ ಬಗ್ಗೆ ಮಾತಾಡುವಾಗ ನನ್ನ ದನಿ ತಾನಾಗಿಯೇ ಗಂಭೀರವಾಗುತ್ತದೆ. ಗೊತ್ತಿರುವುದು ಕಡಿಮೆಯಾದಷ್ಟೂ ಗಾಂಭೀರ್ಯ ಹೆಚ್ಚು. ನ್ಯೂಜೆರ್ಸಿಯಲ್ಲಿ ನಾನು ಸಾಫ್ಟ್‌ವೇರ್ ಕನ್ಸಲ್ಟೆಂಟ್ ಆಗಿ ನೆಲೆ ನಿಂತದ್ದು ಈ ಒಂದು ಗುಣದಿಂದಲೇ ಇರಬೇಕು. ಕಂಪ್ಯೂಟರ್ ಆನ್ ಮಾಡಲು ಬರುವವರಿಗೆಲ್ಲ ಕೆಲಸ ಸಿಗುತ್ತಿದ್ದ ಕಾಲ ಅದು.

ಆಗ ನಾವಿದ್ದ ಮಾನ್ಮತ್ ಜಂಕ್ಷನ್ ಎಂಬ ಊರಿನ ಕನ್ನಡದ ಗೆಳೆಯರಲ್ಲಿ ಒಂದು ಫ್ಯಾಷನ್ ಇತ್ತು. ಊರಿಗೆ ಹೋಗುವಾಗ ನಡುವೆ ಯುರೋಪಿನಲ್ಲಿ ಇಳಿದು ಏನಾದರೂ ನೋಡಬೇಕು. ಮನೆಗೊಂದು ಅಡುಗೆ ತಂದು ಹಂಚಿಕೊಳ್ಳುವ ಪಾಟ್‌ಲಕ್ಕಿನಲ್ಲಿ ಬಿಸಿಬೇಳೆಬಾತ್ ಬಡಿಸಿಕೊಳ್ಳುತ್ತ ಎಲ್ಲರೂ ಆಮ್‌ಸ್ಟರ್‌ಡ್ಯಾಮಿನ ಕಾಲುವೆಗಳ ಬಗ್ಗೆಯೇ ಹೇಳುತ್ತಿದ್ದರು. ಒಂದು ಬೇಸಿಗೆಯಲ್ಲಿ ವಿಮಾನ ಬದಲಿಸಲು ನಮಗೂ ಅಲ್ಲಿ ಇಡೀ ಹಗಲು ಸಿಕ್ಕಿತು. ಆದರೆ ಎಲ್ಲರೂ ನೋಡಿದ ಕಾಲುವೆಯನ್ನು ನಾನು ನೋಡುವುದೇ? ರೈಲು ಹತ್ತಿ ದಿ ಹೇಗ್‌ಗೆ ಹೋಗೋಣ, ದೇಶದ ಸರ್ಕಾರ ನಡೆಯುವುದು ಅಲ್ಲಿಂದ, ಎಂದೆ.

ಹೆಂಡತಿ ಸುಮಾ ತಕ್ಷಣ ಒಪ್ಪಿದಳು. ಸರ್ಕಾರದ ಮೇಲಿನ ಅಕ್ಕರೆಯಿಂದಲ್ಲ. ಪಾರ್ಲಿಮೆಂಟಿನ ಪಕ್ಕದಲ್ಲೇ ಹಳೆಯ ಡಚ್ ಚಿತ್ರಗಳ ಮ್ಯೂಸಿಯಂ ಇತ್ತು. ಅವಳು ದಾವಣಗೆರೆಯಲ್ಲಿ ಚಿತ್ರಕಲೆ ಕಲಿತವಳು. ಡಿಪೆಂಡೆಂಟ್ ವೀಸಾದಲ್ಲಿ ಅಮೆರಿಕಕ್ಕೆ ಬಂದ ಮೇಲೆ ಕೆಲಸ ಮಾಡುವಂತಿರಲಿಲ್ಲ. ಮಗಳು ಹುಟ್ಟಿದ ಮೇಲೆ ಚಿತ್ರ ಬರೆಯುವುದೂ ನಿಂತಿತ್ತು.

"ಮೊದಲು ಮ್ಯೂಸಿಯಂಗೆ ಹೋಗೋಣ ರೀ" ಎಂದಳು.

"ಅದೇನು ಓಡಿಹೋಗುತ್ತಾ? ಮೊದಲು ಸರ್ಕಾರ ನೋಡೋಣ" ಎಂದೆ.

ಸರ್ಕಾರ ಒಂದು ಕೊಳದ ದಂಡೆಯಲ್ಲಿತ್ತು. ಹಳೆಯ ಇಟ್ಟಿಗೆ ಕಟ್ಟಡಗಳು, ಮೂಲೆಯಲ್ಲೊಂದು ಪುಟ್ಟ ಗೋಪುರ. ಪ್ರಧಾನಿ ಕೂರುವುದು ಅದರಲ್ಲೇ ಎಂದು ಅಲ್ಲಿದ್ದವರೊಬ್ಬರು ಹೇಳಿದರು. ವಿಧಾನಸೌಧದ ಮೆಟ್ಟಿಲುಗಳನ್ನು ನೆನೆದುಕೊಂಡು ಹೋಗಿದ್ದ ನನಗೆ ನಿರಾಸೆಯಾಯಿತು.

"ಈಸ್ ದಟ್ ಇಟ್, ಅಪ್ಪಾ?" ಎಂದಳು ಒಂಬತ್ತು ವರ್ಷದ ಮಗಳು ಮೇಘಾ.

ಅಷ್ಟು ದೂರ ಕರೆತಂದ ಮೇಲೆ ಬಿಟ್ಟುಕೊಡುವಂತಿಲ್ಲ. ಸಣ್ಣ ಕಟ್ಟಡಕ್ಕೂ ದೊಡ್ಡ ಪ್ರಜಾಪ್ರಭುತ್ವಕ್ಕೂ ಇರುವ ಸಂಬಂಧದ ಬಗ್ಗೆ ಅಲ್ಲೇ ನಿಂತು ಒಂದು ಉಪನ್ಯಾಸ ಕೊಟ್ಟೆ. ಮೇಘಾ ಬಾತುಕೋಳಿ ನೋಡುತ್ತಿದ್ದಳು. ಸುಮಾ ಗಡಿಯಾರ ನೋಡುತ್ತಿದ್ದಳು.

ಮ್ಯೂಸಿಯಂ ಬಾಗಿಲು ದಾಟುವಾಗ ವಾಪಸು ರೈಲಿಗೆ ಹೆಚ್ಚು ಹೊತ್ತು ಉಳಿದಿರಲಿಲ್ಲ. ಅಲ್ಲಿ ಕಿವಿಗೆ ಹಿಡಿದುಕೊಳ್ಳುವ ಒಂದು ಯಂತ್ರ ಕೊಟ್ಟರು. ಚಿತ್ರದ ನಂಬರ್ ಒತ್ತಿದರೆ ಅದರ ವಿವರ ಹೇಳುತ್ತದೆ. ನಾನು ಕೇಳಿಸಿಕೊಂಡದ್ದನ್ನು ನನ್ನದೇ ವಿದ್ವತ್ತೆಂಬಂತೆ ಕನ್ನಡದಲ್ಲಿ ಗಟ್ಟಿಯಾಗಿ ವಿವರಿಸುತ್ತ ನಡೆದೆ. ಎರಡನೆಯ ಕೋಣೆಯಲ್ಲಿ ಒಂದು ಚಿತ್ರದ ಮುಂದೆ ನಿಂತು, "ಈಕೆ ವಿಧವೆ. ಆ ಕಣ್ಣುಗಳಲ್ಲಿ ಮಡುಗಟ್ಟಿದ ದುಃಖ ನೋಡಿ" ಎಂದೆ.

"ಅಪ್ಪಾ, ದಟ್ಸ್ ಅ ಫಿಶ್" ಎಂದಳು ಮೇಘಾ.

ಹೌದು, ತಟ್ಟೆಯಲ್ಲೊಂದು ಮೀನು, ಪಕ್ಕದಲ್ಲಿ ನಿಂಬೆಹಣ್ಣು. ಪ್ರತಿ ಚಿತ್ರದ ನಂಬರ್ ಅದರ ಬಲಗಡೆ ಇತ್ತು; ನಾನು ಎಡಗಡೆಯದನ್ನು ಒತ್ತಿಕೊಂಡು ಬಂದಿದ್ದೆ. ಅಂದರೆ ಆವರೆಗೆ ಹೇಳಿದ್ದೆಲ್ಲ ಪಕ್ಕದ ಚಿತ್ರದ ಕತೆ. ವಿಧವೆ ಎಡಪಕ್ಕದ ಚಿತ್ರದಿಂದ ನಮ್ಮನ್ನೇ ನೋಡುತ್ತಿದ್ದಳು. ದುಃಖವೇನೋ ಇತ್ತು, ನನ್ನ ಮಾತು ಕೇಳಿ ಬಂದದ್ದೂ ಇರಬಹುದು.

ಸುಮಾ ಮಾತ್ರ ನಮ್ಮ ಜೊತೆ ಇರಲಿಲ್ಲ. ಹಿಂದಿನ ಕೋಣೆಗೆ ಹೋದರೆ ಬೆಂಚಿನ ಮೇಲೆ ಕೂತಿದ್ದಳು. ಮಡಿಲಲ್ಲಿ ವಿಮಾನದ ಟಿಕೆಟ್ಟಿನ ಕವರು, ಕೈಯಲ್ಲಿ ಮೇಘಾಳ ಪೆನ್ಸಿಲ್. ಎದುರಿನ ಗೋಡೆಯಲ್ಲಿ ಕಿಟಕಿಯ ಬೆಳಕಿಗೆ ಹೊಲಿಯುತ್ತ ಕೂತ ಹೆಂಗಸಿನ ಪುಟ್ಟ ಚಿತ್ರ.

"ಸುಮಾ, ರೈಲಿಗೆ ಹೊತ್ತಾಯ್ತು."

"ಅಲ್ಲೇ ನಿಂತ್ಕೊಳ್ಳಿ. ಸ್ವಲ್ಪ ಹೊತ್ತು ಮಾತಾಡ್ಬೇಡಿ" ಎಂದಳು, ತಲೆಯೆತ್ತದೆ.

ಅವಳ ಮುಖ ನೋಡಿದೆ. ಅವಳನ್ನು ಹಾಗೆ ನೋಡಿ ಎಷ್ಟೋ ವರ್ಷಗಳಾಗಿದ್ದವು. ಎರಡು ಸಲ ಏನೋ ಹೇಳಲು ಹೋದೆ. ಎರಡು ಸಲವೂ ಪೆನ್ಸಿಲ್ ಎತ್ತಿ ಸುಮ್ಮನಾಗಿಸಿದಳು. ಆ ರೈಲು ತಪ್ಪಿತು. ಮುಂದಿನದು ಹಿಡಿದು, ಏರ್‌ಪೋರ್ಟಿನಲ್ಲಿ ಮೂವರೂ ಏದುಸಿರು ಬಿಡುತ್ತ ಓಡಿ, ಕೊನೆಯವರಾಗಿ ವಿಮಾನ ಹತ್ತಿದೆವು. ವಿಮಾನ ತಪ್ಪಿದ್ದರೆ ಊರಲ್ಲಿ ಕಾಯುತ್ತಿದ್ದವರಿಗೆ ಏನು ಹೇಳಬೇಕಿತ್ತೋ ಎಂದು ನಾನು ಬೆವರುತ್ತಿದ್ದರೆ, ಸುಮಾ ಕಿಟಕಿಗೊರಗಿ ನಗುತ್ತಿದ್ದಳು.

ಅವಳಿಗೆ ನಿದ್ದೆ ಬಂದ ಮೇಲೆ ಕವರನ್ನು ಮೆಲ್ಲಗೆ ತೆಗೆದು ನೋಡಿದೆ. ಹೊಲಿಯುವ ಹೆಂಗಸು ಇರಲಿಲ್ಲ. ನಾನಿದ್ದೆ. ಬೋಳಾಗುತ್ತಿರುವ ತಲೆ, ಜಾರಿದ ಕನ್ನಡಕ, ಕೈಯಲ್ಲಿ ಆ ಯಂತ್ರ, ಎಲ್ಲವೂ ಇದ್ದದ್ದು ಇದ್ದ ಹಾಗೆ. ಬಾಯಿ ಮಾತ್ರ ಮುಚ್ಚಿತ್ತು. ಕಲಾವಿದರಿಗೆ ಅಷ್ಟು ಕಲ್ಪನಾಸ್ವಾತಂತ್ರ್ಯ ಇರಲೇಬೇಕು.