ದಿಂಬಿನ ಚೀಲದಲ್ಲಿದ್ದ ಕಾಗದ

ಅಕ್ಕ ಮದುವೆಯಾಗಲಿಲ್ಲ. ಸಿದ್ದಾಪುರದಲ್ಲಿ ಬಟ್ಟೆ ಹೊಲಿಯುತ್ತ, ತಾಯಿಯಿಲ್ಲದ ಒಂದು ಹೆಣ್ಣುಕೂಸನ್ನು ತಂದು ಸಾಕಿದಳು. ದತ್ತಕದ ಕಾಗದ ಮಾಡಿಸಿರಲಿಲ್ಲ. ಅಮ್ಮ ಅಕ್ಕನಿಗೆ ಕೊಟ್ಟ ಬಂಗಾರದ ಗುಂಡಿನ ಸರ ಶಿರಸಿಯ ಬ್ಯಾಂಕಿನ ಲಾಕರಿನಲ್ಲಿತ್ತು.

ಹಾಸಿಗೆ ಹಿಡಿದ ಮೇಲೆ ಒಂದು ದಿನ ನನ್ನನ್ನು ಹತ್ತಿರ ಕರೆದಳು.

"ತಮ, ಸರ ಕೂಸಿಗೆ. ಆನೇ ಕಾಗದ ಬರ್ದು ಈ ದಿಂಬಿನ ಚೀಲದಲ್ಲಿ ಇಟ್ಟಿದ್ದಿ. ಮರೆಯಡ. ಕಾಯಿ ಕೊಯ್ಯಲೆ ಹೋಗಿ ಕತ್ತಿ ಬಿಟ್ಟು ಬಂದವ ನೀನು."

"ಆತು ಮಾರಾಯ್ತಿ, ಈಗ್ಲೇ ಹೊಂಟವರಂಗೆ ಮಾತಾಡಡ" ಎಂದೆ.

ಹದಿನೈದು ದಿನಕ್ಕೆ ಹೋದಳು. ಸತ್ತವರ ಹಾಸಿಗೆಯನ್ನು ನಮ್ಮಲ್ಲಿ ಮನೆಯಲ್ಲಿ ಇಡುವುದಿಲ್ಲ. ಸುಡುವ ಕೆಲಸ ಕಿರಿಯವನಾದ ನನ್ನ ಪಾಲಿಗೆ ಬಂತು. ಅಳುತ್ತಲೇ ಸುತ್ತಿದೆ, ದಿಂಬನ್ನೂ ಸೇರಿಸಿ ಬೆಂಕಿ ಕೊಟ್ಟೆ. ಪೂರ್ತಿ ಹೊತ್ತಿಕೊಂಡ ಮೇಲೆ ಕಾಗದದ ನೆನಪಾಯಿತು. ಕೋಲಿನಿಂದ ಎಳೆದೆ. ಹತ್ತಿ ಮಾತ್ರ ಬಂತು.

ವಾರಸುದಾರರಾದ ಅಣ್ಣನೂ ನಾನೂ ಮರಣ ಪ್ರಮಾಣಪತ್ರ, ವಂಶವೃಕ್ಷ ಎಂದು ಓಡಾಡಿ ಲಾಕರ್ ತೆಗೆಸುವಾಗ ನಾಲ್ಕು ತಿಂಗಳಾಗಿತ್ತು. ವಂಶವೃಕ್ಷದಲ್ಲಿ ಹೆಸರಿಲ್ಲದ ಹುಡುಗಿ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಒಳಗೆ ಸಾಕ್ಷಿಗಳ ಎದುರು ಸರ ತೆಗೆದಾಗ ಅಣ್ಣ ಕೇಳಿದ, "ಅಕ್ಕ ಎಂತಾರು ಬರ್ದಿಟ್ಟಿದ್ದಾ? ಇದ್ರೆ ಹಾಂಗೇ ಮಾಡನ."

ಹುಟ್ಟಿದಾಗಿನಿಂದ ಹೆಡ್ಡ ಎನಿಸಿಕೊಂಡವನು ನಾನು. ಸುಟ್ಟೆ ಎನ್ನಲು ನಾಲಿಗೆ ಏಳಲಿಲ್ಲ.

"ಎಂತದೂ ಇಲ್ಲೆ" ಎಂದೆ.

ಅಕ್ಕಸಾಲಿಗನ ಅಂಗಡಿಯಲ್ಲಿ ಸರ ಎರಡಾಯಿತು. ಅಣ್ಣನಿಗೆ ನಿಜ ಹೇಳುವ ಧೈರ್ಯ ಇವತ್ತಿಗೂ ಬಂದಿಲ್ಲ. ನನ್ನ ಪಾಲನ್ನು ಮಾತ್ರ ವಸ್ತ್ರದಲ್ಲಿ ಕಟ್ಟಿಕೊಂಡು ಹುಡುಗಿಯ ಹತ್ತಿರ ಹೋದೆ. ಅವಳು ಅಕ್ಕನ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಳು.

"ಅರ್ಧ ಸರ ಎಂತಕ್ಕೆ ಮಾವ?"

ಎಲ್ಲ ಹೇಳಿದೆ. ಬೈಯಲಿ ಎಂದು ಕಾದೆ. ಅವಳು ಬಂಗಾರದ ಕಡೆ ನೋಡಲಿಲ್ಲ.

"ಆಯಿ ಎಂತ ಬರ್ದಿತ್ತು?" ಅಕ್ಕನನ್ನು ಅವಳು ಕರೆಯುತ್ತಿದ್ದುದು ಹಾಗೆ, ತಾಯಿ ಎಂದು.

"ಸರ ನಿಂಗೆ ಹೇಳಿ."

"ಅದಲ್ಲ. ಎನ್ನ ಎಂತ ಹೇಳಿ ಬರ್ದಿತ್ತು? ಮಗಳು ಹೇಳಾ?"

ನಾನು ಕಲಿತದ್ದು ನಾಲ್ಕನೇ ಇಯತ್ತೆ. ಆದರೂ ಅಕ್ಕನ ದಪ್ಪ ಅಕ್ಷರ ಓದಬಲ್ಲವನಾಗಿದ್ದೆ. ದಿಂಬು ಹದಿನೈದು ದಿನ ನನ್ನ ಕೈಯಳತೆಯಲ್ಲೇ ಇತ್ತು, ತೆಗೆದು ನೋಡಿರಲಿಲ್ಲ. ಹೌದು, ಮಗಳು ಎಂದೇ ಬರೆದಿತ್ತು ಅಂದುಬಿಡೋಣ ಅನ್ನಿಸಿತು. ಇವಳಿಗೂ ಸುಳ್ಳು ಹೇಳಲಾರದೆ, "ಗೊತ್ತಿಲ್ಲೆ ಕೂಸೆ" ಎಂದೆ.