ಬೆನ್ನು ತಿರುಗಿಸುವ ಬೀಗದಜ್ಜ

ಬೀಗದಜ್ಜನ ಕಸುಬಿಗೆ ಒಂದೇ ಒಂದು ಕಟ್ಟಳೆ. ಬೀಗ ಟಕ್ ಅಂದ ಕೂಡಲೇ ಬೆನ್ನು ತಿರುಗಿಸಬೇಕು. "ತೆರೆಯೋದು ನಮ್ಮ ಕೆಲಸ, ನೋಡೋದು ಅವರ ಕೆಲಸ" ಎಂದು ಕಸುಬು ಕಲಿಸಿದ ಅಪ್ಪ ಹೇಳಿದ್ದ. ಊರಿನ ಅರ್ಧ ಬೀರುಗಳನ್ನು ತೆರೆದ ಅಜ್ಜ ಒಂದರ ಹೊಟ್ಟೆಯನ್ನೂ ಕಂಡವನಲ್ಲ. ಆದರೆ ಕಣ್ಣಿಗೆ ಕಟ್ಟಳೆ ಹಾಕಬಹುದು, ಮನಸ್ಸಿಗೆ ಹಾಕಲಾದೀತೇ? ಬೆನ್ನ ಹಿಂದೆ ಸರಪರ ಅಂದದ್ದು ರೇಷ್ಮೆಯೋ, ಕಾಗದವೋ? ರಾತ್ರಿ ಊಟಕ್ಕೆ ಕೂತಾಗ ಅಜ್ಜಿಯ ಜೊತೆ ಅದೇ ಚರ್ಚೆ.

ಈಚೆಗೆ ಕೈ ನಡುಗುತ್ತಿತ್ತು. ಕೀಲಿ ಉಜ್ಜುವ ಅರ ಜಾರಿ ಹೆಬ್ಬೆರಳು ಕೊಯ್ದುಕೊಂಡ ದಿನ ಅಜ್ಜಿ ಬಟ್ಟೆ ಸುತ್ತುತ್ತ, "ಸಾಕು ಮಾಡಿ ಇನ್ನು. ಬೆರಳೆಲ್ಲ ಹೋದ್ರೆ ತುತ್ತು ನಾನೇ ಇಡ್ಬೇಕಾಗುತ್ತೆ" ಎಂದಳು.

"ಮದುವೆ ಹೊಸದರಲ್ಲಿ ಇಡ್ತಿದ್ಯಲ್ಲ!"

"ಆಗ ನಿಮಗೆ ಹಲ್ಲಿತ್ತು."

ಸೋತ ಅಜ್ಜ ಮಾತು ಕೊಟ್ಟ. ಶನಿವಾರವೇ ಕೊನೆ.

ಆ ಶನಿವಾರ ಸಂಜೆ ಅಂಗಡಿಯ ಬಾಗಿಲೆಳೆಯುವಾಗ ಹಿಂದಿನ ಬೀದಿಯ ಟೀಚರಮ್ಮ ಓಡಿ ಬಂದರು. ತೀರಿಕೊಂಡ ಅತ್ತೆಯ ಟ್ರಂಕು ತೆರೆಯಬೇಕಿತ್ತು. "ಕೀಲಿಕೈ ದಿಂಬಿನಡಿ ಇಟ್ಕೊಂಡೇ ಮಲಗ್ತಿದ್ರು ಅಜ್ಜ. ಈಗ ಎಲ್ಲಿ ಹುಡುಕಿದ್ರೂ ಇಲ್ಲ."

ಮಂಚದ ಕೆಳಗಿಂದೆಳೆದ ಟ್ರಂಕಿನ ಮುಂದೆ ಅಜ್ಜ ಕುಕ್ಕರಗಾಲಲ್ಲಿ ಕೂತ. ತಂತಿ ತಪ್ಪಿತು, ಮತ್ತೆ ತಪ್ಪಿತು. ಬಲಗೈಯನ್ನು ಎಡಗೈಯಿಂದ ಬಿಗಿಹಿಡಿದು ತಿರುಗಿಸಿದ. ಟಕ್! ಎದ್ದವನೇ ಗೋಡೆಗೆ ಮುಖ ಮಾಡಿದ.

"ಅಯ್ಯೋ, ಯಾಕಜ್ಜ ಆ ಕಡೆ? ಒಬ್ಬಳೇ ನೋಡೋಕೆ ನನಗೆ ಭಯ. ಬನ್ನಿ ಇಲ್ಲಿ."

ಅಜ್ಜ ಲೆಕ್ಕ ಹಾಕಿದ. ಹೇಗೂ ಕೊನೆಯ ಕೆಲಸ, ಕರೆದವರು ಮನೆಯವರೇ. ಅಪ್ಪನಿದ್ದರೂ ಬೇಡ ಅನ್ನುತ್ತಿರಲಿಲ್ಲ. ತಿರುಗಿದ.

ಟ್ರಂಕಿನ ತುಂಬ ಅಂಗಡಿ ಚೀಲಗಳು. ಇಸ್ತ್ರಿ ಮಾಡಿದಂತೆ ಮಡಿಸಿಟ್ಟ ಬರೀ ಚೀಲಗಳು. ತಳದವರೆಗೆ ಕೆದಕಿದರೂ ಅವೇ.

"ನನ್ನತ್ತೇ! ಚಿನ್ನ ಇದೆ ಅಂತ ಇಷ್ಟು ವರ್ಷ ಎದುರು ಮಾತಾಡ್ಲಿಲ್ಲವಲ್ಲ ನಾನು!" ಟೀಚರಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಅಜ್ಜ ಗೋಡೆ ಹಿಡಿದು ನಕ್ಕ.

ಮನೆಯಲ್ಲಿ ಸುದ್ದಿ ಕೇಳಿದ ಅಜ್ಜಿ ಬಡಿಸುವುದನ್ನೇ ಮರೆತಳು. "ಚೀಲ ಅಂತ ನಮಗೆ ಹೊಳೀಲೇ ಇಲ್ಲವಲ್ರೀ! ಹಾಗಾದ್ರೆ ಆ ಡಾಕ್ಟರ ಮನೆ ಕಬ್ಬಿಣದ ಪೆಟ್ಟಿಗೇಲಿ ಏನಿದ್ದಿರಬಹುದು?" ಹಳೆಯ ಬೀಗಗಳೆಲ್ಲ ಒಂದೊಂದಾಗಿ ಮತ್ತೆ ಊಟಕ್ಕೆ ಬಂದವು. ಅನ್ನ ಆರಿ ತಣ್ಣಗಾಯಿತು.

ಸೋಮವಾರ ಬೆಳಿಗ್ಗೆ ಅಜ್ಜ ಕಳ್ಳನಂತೆ ಚಪ್ಪಲಿ ಹುಡುಕುತ್ತಿದ್ದ. ಅಜ್ಜಿ ಆಗಲೇ ತನ್ನದನ್ನು ಮೆಟ್ಟಿ ಹೊಸಿಲಾಚೆ ನಿಂತಿದ್ದಳು.

"ನೀನೆಲ್ಲಿಗೇ?"

"ನಿಮ್ಮ ಕೈ ನಾನು ಹಿಡ್ಕೋತೀನಿ, ಬೀಗ ನೀವು ತೆಗೀರಿ. ನಡೀರಿ, ಹೊತ್ತಾಯ್ತು."

ಅಂದಿನಿಂದ ಯಾರ ಮನೆಯ ಬೀಗ ಟಕ್ ಎಂದರೂ ಗೋಡೆಗೆ ಮುಖ ಮಾಡಿ ನಿಲ್ಲುವವರು ಇಬ್ಬರು. ಅಜ್ಜಿಯ ಕಿವಿ ಬಲು ಚುರುಕು. "ರೇಷ್ಮೆ ಅಲ್ಲರೀ" ಎಂದು ಮೊಣಕೈಯಲ್ಲಿ ತಿವಿಯುತ್ತಾಳೆ, "ಕಾಗದ."