ಮೊರದೊಳಗಿನ ಹಳದಿ ಹಾಳೆ

ನಿಪ್ಪಾಣಿಯಲ್ಲಿ ಟಿವಿ ರಿಪೇರಿ ಮಾಡುವವನಿಗೆ ಹಳದಿ ಬಣ್ಣ ಕಂಡರೆ ಕೈ ತಾನಾಗಿಯೇ ಒರೆಸುವ ಬಟ್ಟೆಗೆ ಹೋಗುತ್ತದೆ. ಇಲ್ಲಿ ತಂಬಾಕಿನ ಧೂಳು ಗೋಡೆ, ಫ್ಯಾನು, ನನ್ನ ಬನಿಯನ್ನು, ಒಂದನ್ನೂ ಬಿಡುವುದಿಲ್ಲ. ಮೂವತ್ತು ವರ್ಷ ಇದೇ ಕೆಲಸ ಮಾಡಿ ನನಗೆ ಸಾಕಾಗಿದೆ. ಸಾಕಾದ ಮನುಷ್ಯ ಮೊದಲು ಬಿಡುವುದು ಹೊಸದನ್ನು ಕಲಿಯುವುದನ್ನು. ನಾನು ಬಿಟ್ಟು ಬಹಳ ದಿನವಾಗಿತ್ತು.

ನಮ್ಮ ಓಣಿಯಲ್ಲಿ ಬೀಡಿ ಕಟ್ಟುವ ಮುಸ್ಲಿಂ ಹೆಂಗಸೊಬ್ಬಳಿದ್ದಾಳೆ. ನನಗಿಂತ ಹತ್ತು ವರ್ಷ ಹಿರಿಯಳು, ಓಣಿಗೆಲ್ಲ ಆಪಾ, ಅಂದರೆ ಅಕ್ಕ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೀಡಿ ಕಟ್ಟಲು ಅವಳಿಗೆ ಕಣ್ಣು ಬೇಕಿರಲಿಲ್ಲ, ಬೆರಳು ಸಾಕಿತ್ತು. ಟಿವಿಯನ್ನು ಮಾತ್ರ ಎರಡು ವರ್ಷದಿಂದ ಬರೀ ಕೇಳುತ್ತಿದ್ದಳು. ಚಿಕ್ಕೋಡಿಯಲ್ಲಿ ಒಂದು ಕಣ್ಣಿನ ಆಪರೇಷನ್ನಿಗೆ ದಿನ ಗೊತ್ತಾಯಿತು. ಅದರ ಹಿಂದಿನ ದಿನವೇ ಅವಳ ದೊಡ್ಡ ಟಿವಿ ಕತ್ತಲಾಯಿತು.

ಅವಳ ಮನೆಯಲ್ಲೇ ಬಿಚ್ಚಿದೆ. ಪರದೆಯ ಹಿಂದೆ ಸಾಲಾಗಿ ಸಣ್ಣ ಬಲ್ಬುಗಳಿರುತ್ತವೆ. ಒಂದು ಬೆಸುಗೆ ಬಿಟ್ಟಿತ್ತು, ಕೂಡಿಸಿದೆ. ಬಲ್ಬುಗಳ ಮೇಲೆ ಹೊದಿಸಿದ ತೆಳು ಹಾಳೆಗಳಲ್ಲಿ ಒಂದು ಹಳದಿಗಟ್ಟಿತ್ತು. ತಂಬಾಕೇ ಇರಬೇಕೆಂದು ಅದನ್ನು ಎಳೆದು, ಗುಜರಿ ಟಿವಿಯ ಬಿಳಿ ಹಾಳೆ ಹಾಕಿದೆ. ನಮ್ಮ ಓಣಿಯಲ್ಲಿ ಇಂಥ ಹಾಳೆಯನ್ನು ಯಾರೂ ಬಿಸಾಡುವುದಿಲ್ಲ. ಬೀಡಿಯ ಮೊರದಲ್ಲಿ ಹಾಸಿದರೆ ತಂಬಾಕು ಬಿದಿರಿನ ಸಂದಿಗೆ ಇಳಿಯುವುದಿಲ್ಲ. ಕತ್ತರಿ ತೆಗೆದುಕೊಂಡು ಆಪಾನ ಮೊರದ ಅಳತೆಗೆ ಕತ್ತರಿಸಿಯೂ ಕೊಟ್ಟೆ. ಅಷ್ಟರಲ್ಲಿ ಕರೆಂಟು ಹೋಗಿತ್ತು. ಹಚ್ಚಿ ನೋಡದೆ ಟಿವಿ ಮುಚ್ಚಬಾರದು, ಕಸುಬಿನ ಮೊದಲ ಪಾಠ. ಬೆನ್ನು ನೋಯುತ್ತಿತ್ತು, ಮುಚ್ಚಿ ಮನೆಗೆ ನಡೆದೆ.

ಹದಿನೈದು ದಿನದ ಮೇಲೆ ಆಪಾ ಹೇಳಿಕಳಿಸಿದಳು. ನೋಡಿಕೊಳ್ಳಲು ಬಂದಿದ್ದ ಮಗಳು ಇರುವಷ್ಟು ದಿನ ಟಿವಿ ಹಚ್ಚಗೊಟ್ಟಿರಲಿಲ್ಲ, ಈಗ ಕಾಗವಾಡದ ತನ್ನ ಮನೆಗೆ ಮರಳಿದ್ದಳು. ಡಾಕ್ಟರು ಧೂಳು ಬೇಡವೆಂದಿದ್ದರಿಂದ ಜೊತೆಗೆ ಬೀಡಿ ಕಟ್ಟುವ ಹೆಂಗಸರೂ ಬರುತ್ತಿರಲಿಲ್ಲ. ಒಬ್ಬಳೇ ಟಿವಿಯ ಮುಂದೆ ಕೂತಿದ್ದಳು. ಪರದೆಯ ಮೇಲೆ ಮನುಷ್ಯರು, ಗಿಡ, ಅನ್ನ, ಎಲ್ಲವನ್ನೂ ಬಟ್ಟೆಗೆ ಹಾಕುವ ನೀಲಿಯಲ್ಲಿ ಅದ್ದಿದಂತಿತ್ತು.

ಆಪರೇಷನ್ ಆದ ಮೇಲೆ ಕೆಲವು ದಿನ ಬಿಳಿಯದು ತುಸು ನೀಲಿಯಾಗಿ ಕಾಣಬಹುದೆಂದು ನರ್ಸ್ ಹೇಳಿದ್ದಳಂತೆ. ಆಪಾನಿಗೆ ಸುಣ್ಣದ ಗೋಡೆ ತುಸು ನೀಲಿ, ಟಿವಿ ಪೂರಾ ನೀಲಿ. ಟಿವಿಯದೇ ದೋಷವೆಂದು ಅವಳಿಗೆ ಹೊಳೆಯಲೇ ಇಲ್ಲ. ರಿಪೇರಿ ಮಾಡಿದವನು ನಾನಲ್ಲವೇ?

"ಒಂದ ಕಣ್ಣ ಹಾಳಾತು ತಮ್ಮಾ," ಅಂದಳು. "ಇನ್ನೊಂದ ಮುಟ್ಟಾಕ ಕೊಡೂದಿಲ್ಲ."

ತಪ್ಪು ಟಿವಿಯದು, ಅಂದರೆ ನನ್ನದು ಎಂದು ಆ ಕ್ಷಣವೇ ತಿಳಿಯಿತು. ಏನು ತಪ್ಪು ಎಂಬುದು ತಿಳಿಯಲಿಲ್ಲ. ಗೊತ್ತಿಲ್ಲ ಎನ್ನಲು ಮೂವತ್ತು ವರ್ಷದ ಹಮ್ಮು ಬಿಡಲಿಲ್ಲ. ನೋಡೋಣ ಅಂದು ಎದ್ದು ಬಂದೆ. ಮೂರು ದಿನ ಅವಳು ಕಣ್ಣು ಹೋಯಿತೆಂದೇ ಕೂತಿದ್ದಳು, ನಾನು ಬಾಯಿ ಮುಚ್ಚಿಕೊಂಡಿದ್ದೆ. ಈಗ ನೆನೆದರೂ ನನ್ನ ಮೇಲೆ ನನಗೇ ಹೇಸಿಕೆಯಾಗುತ್ತದೆ.

ಕೊನೆಗೆ ಕೊಲ್ಹಾಪುರದ ಬಿಡಿಭಾಗದ ಅಂಗಡಿಯವನಿಗೆ ಫೋನ್ ಮಾಡಿದೆ. ಅವನು ನಕ್ಕು, ಹಳದಿ ಹಾಳೆ ಎಲ್ಲಿ ಎಂದು ಕೇಳಿದ. ಆ ಟಿವಿಯ ಬಲ್ಬುಗಳೇ ನೀಲಿಯಂತೆ. ಹಾಳೆಯೊಳಗೆ ಕ್ವಾಂಟಮ್ ಡಾಟ್ ಎಂಬ ಕಣಗಳಿರುತ್ತವೆ, ಕಣ್ಣಿಗಿರಲಿ, ಸಾಧಾರಣ ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಚಿಕ್ಕವು. ನೀಲಿ ಬೆಳಕನ್ನು ನುಂಗಿ ಬೇರೆ ಬಣ್ಣ ಉಗುಳುತ್ತವೆ. ಯಾವ ಬಣ್ಣ ಎಂಬುದು ಗಾತ್ರದ ಮೇಲೆ: ತುಸು ದೊಡ್ಡ ಕಣ ಕೆಂಪು, ಚಿಕ್ಕದು ಹಸಿರು. ಒಂದೇ ಕಂಚಿನಲ್ಲಿ ಎರಕ ಹೊಯ್ದರೂ ಎತ್ತಿನ ಕೊರಳಿನ ದೊಡ್ಡ ಗಂಟೆಯ ದನಿ ಬೇರೆ, ಕರುವಿನ ಗಂಟೆಯದು ಬೇರೆ, ಹಾಗೆ. ನುಂಗದೆ ಉಳಿದ ನೀಲಿಯೊಂದಿಗೆ ಕೆಂಪು, ಹಸಿರು ಬೆರೆತು ಬಿಳಿ ಬೆಳಕಾಗುತ್ತದೆ. ಗಾಳಿ, ತೇವ ತಾಗಿದರೆ ಕಣಗಳು ಸಾಯುತ್ತವೆ, ಅದಕ್ಕೇ ಎರಡು ಪದರದ ನಡುವೆ ಮುಚ್ಚಿರುತ್ತಾರೆ. ರೋಗ ಹುಡುಕುವ ಪ್ರಯೋಗಾಲಯಗಳಲ್ಲೂ ಜೀವಕೋಶಗಳಿಗೆ ಇವನ್ನು ಅಂಟಿಸಿ, ಹೊಳೆಯುವಂತೆ ಮಾಡಿ ನೋಡುತ್ತಾರಂತೆ. ಅಂಥದ್ದಕ್ಕೆ ನಾನು ಕತ್ತರಿ ಆಡಿಸಿದ್ದೆ.

ಆ ಸಂಜೆಯೇ ಹೋದೆ. ಗೋಡೆಗೆ ಒರಗಿದ್ದ ಮೊರದಿಂದ ಹಾಳೆ ತೆಗೆದು ಒರೆಸಿದೆ. ಟಿವಿ ಹಚ್ಚಿ, ಹಾಳೆಯನ್ನು ಪರದೆಯ ಮುಂದೆ ಹಿಡಿದೆ. ಹಿಡಿದಷ್ಟು ಜಾಗದಲ್ಲಿ ನೀಲಿ ಸತ್ತು, ಮಸುಕಾದ ಬಿಳಿ ಮೂಡಿತು. ಕತ್ತರಿಸಿದ ಅಂಚು ಮಾತ್ರ ನೀಲಿಯಾಗಿಯೇ ಇತ್ತು, ಅಲ್ಲಿಯ ಕಣಗಳು ಆಗಲೇ ಸತ್ತಿದ್ದವು.

"ಏನ ಕಾಣತೈತಿ ಆಪಾ?"

"ಅಲ್ಲಿ ಬೆಳ್ಳಗ ಐತಿ. ಸುತ್ತ ನೀಲಿ."

"ನಿನ್ನ ಕಣ್ಣ ಚಲೋ ಐತಿ. ಟಿವಿ ಕೆಡಿಸಿದಾಂವ ನಾ. ಮೂರ ದಿನದ ಹಿಂದನ ಗೊತ್ತಾಗಿತ್ತು, ಹೇಳಲಿಲ್ಲ."

ಅವಳು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಹಾಳೆಯನ್ನು ನನ್ನ ಕೈಯಿಂದ ತೆಗೆದು ಬದಿಗಿಟ್ಟು, ಮಂಜುಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಹೊಸ ಕಣ್ಣಿನಿಂದ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಎರಡು ವರ್ಷದಿಂದ ಅವಳು ಅದನ್ನು ಸರಿಯಾಗಿ ನೋಡಿರಲಿಲ್ಲ.

"ಭಾಳ ದಣದೀಯಲ್ಲ ತಮ್ಮಾ," ಅಂದಳು.

ನಾನು ಟಿವಿ ಆರಿಸಿದೆ. ಇನ್ನೊಂದು ಕಣ್ಣಿಗೆ ಚಿಕ್ಕೋಡಿಗೆ ಯಾವತ್ತು ಕರೆದುಕೊಂಡು ಹೋಗುತ್ತೀ ಎಂದು ಅವಳೇ ಕೇಳಿದಳು.